ಅಳುವವರಿಗೊಂದು ಗರ

ನಮ್ಮ ಆಫೀಸಿನಲ್ಲಿ ಆಟಕ್ಕೆ ಬೆಟ್ಟಗುಡ್ಡ ಬಿಡಿಸುವವರಿದ್ದಾರೆ, ಗಾಡಿ ಹೇಗೆ ಹೊರಳಬೇಕು ಎಂದು ಲೆಕ್ಕ ಬರೆಯುವವರಿದ್ದಾರೆ. ನನ್ನ ಪಾಲಿಗೆ ಬಂದಿರುವುದು ಸೆಟ್ಟಿಂಗುಗಳು. ಮದುವೆ ಮನೆಯಲ್ಲಿ ಯಾರಾದರೂ ಕೆಲಸದ ವಿಚಾರ ಕೇಳಿದರೆ, "ಗೇಮಲ್ಲಿ ಸೌಂಡು ಜಾಸ್ತಿ ಕಮ್ಮಿ ಮಾಡೋ ಗುಂಡಿ ಇರ್ತದಲ್ಲ, ಅದು ನಂದು" ಅನ್ನುತ್ತೇನೆ. ಇದಕ್ಕೂ ಸಂಬಳ ಕೊಡುತ್ತಾರಾ ಎಂಬಂತೆ ಮುಖ ನೋಡುತ್ತಾರೆ. ಮೊದಲೆಲ್ಲ ನನಗೆ ಮೈ ಉರಿಯುತ್ತಿತ್ತು. ಈಗ ಇನ್ನೊಂದು ಹೋಳಿಗೆ ಹಾಕಿಸಿಕೊಂಡು ಸುಮ್ಮನಾಗುತ್ತೇನೆ.

ಆಫೀಸು ಎಂದರೆ ಹಾಸನದಲ್ಲಿ ಒಂದು ಕನ್ನಡಕದ ಅಂಗಡಿಯ ಮೇಲಿರುವ ಎರಡು ಕೋಣೆ. ನಾವು ಐದು ಜನ ಸೇರಿ ಫೋನಿನಲ್ಲಿ ಆಡುವ ಸಣ್ಣಪುಟ್ಟ ಗೇಮು ಮಾಡುತ್ತೇವೆ. ಎಲ್ಲ ಗೇಮುಗಳಿಗೂ ಅಡಿಯಲ್ಲಿ ಒಂದೇ ಎಂಜಿನ್, ನಾವೇ ಬರೆದದ್ದು. ಚಿತ್ರ ತೋರಿಸುವುದು, ಸದ್ದು ಮಾಡುವುದು, ಎರಡು ಫೋನುಗಳನ್ನು ಒಂದೇ ಆಟದಲ್ಲಿ ಕೂರಿಸುವುದು ಎಲ್ಲ ಅದರ ಕೆಲಸ. ಆ ಎಂಜಿನ್ನಿನಲ್ಲಿ ಆಡುವವರು ತಮಗೆ ಬೇಕಾದ ಹಾಗೆ ತಿರುಗಿಸಿಕೊಳ್ಳಬಹುದಾದದ್ದು ಏನೇನಿದೆಯೋ ಅಷ್ಟೂ ನನ್ನ ಸುಪರ್ದಿನಲ್ಲಿದೆ.

ಒಂದು ಸೆಟ್ಟಿಂಗು ಅಂದರೆ ಬರೀ ಗುಂಡಿ ಎಂದು ತಿಳಿದವರನ್ನು ಕಂಡರೆ ನನಗಾಗದು. ಅದಕ್ಕೊಂದು ಹೆಸರು ಬೇಕು. ಯಾರೂ ಮುಟ್ಟದಿದ್ದಾಗ ಎಷ್ಟಿರಬೇಕು ಎಂಬ ಡಿಫಾಲ್ಟು ಬೇಕು. ಎಲ್ಲಿಯವರೆಗೆ ಏರಿಸಬಹುದು, ಎಲ್ಲಿಯವರೆಗೆ ಇಳಿಸಬಹುದು ಎಂಬ ಗಡಿ ಬೇಕು. ಬದಲಾಯಿಸಿದ್ದು ಈಗಲೇ ಜಾರಿಗೆ ಬರಬೇಕೋ ಮುಂದಿನ ಆಟದಿಂದಲೋ, ಫೋನು ಆರಿಸಿ ಹಚ್ಚಿದ ಮೇಲೂ ನೆನಪಿರಬೇಕೋ ಬೇಡವೋ, ಅದನ್ನು ಬದಲಾಯಿಸುವ ಯಜಮಾನರು ಯಾರು, ಎಲ್ಲ ಬರೆದಿಡಬೇಕು. ಯಾರು ಯಾವಾಗ ಏನನ್ನು ತಿರುಗಿಸಿದರು ಎಂಬುದನ್ನೂ ಎಂಜಿನ್ ತನ್ನ ದಾಖಲೆಯಲ್ಲಿ ಗುರುತು ಹಾಕಿಕೊಳ್ಳುತ್ತದೆ. ಇದರಲ್ಲಿ ಒಂದು ತಪ್ಪಿದರೂ ನಾನು ಬರೆದವರಿಗೇ ವಾಪಸು ಕಳಿಸುತ್ತೇನೆ. ಒಮ್ಮೆ ಯಾರೋ ಗಡಿ ಹಾಕುವುದನ್ನು ಮರೆತರು. ಭೂಮಿಯ ಎಳೆತವನ್ನು ಸೊನ್ನೆಗಿಂತ ಕೆಳಗೆ ಇಳಿಸಿದ ಕೂಡಲೇ ಆಟದ ಟ್ರ್ಯಾಕ್ಟರು ರಾಗಿ ಹೊಲದಿಂದ ಎದ್ದು ಆಕಾಶಕ್ಕೆ ಹೋಯಿತು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಂದಿನಿಂದ ಪಕ್ಕದ ಮೇಜಿನ ಗೆಳತಿ ನನಗೆ ತಾಲ್ಲೂಕಾಫೀಸು ಎಂದು ಹೆಸರಿಟ್ಟಿದ್ದಾಳೆ.

ಇನ್ನು ನನ್ನ ಅವ್ವ ಮತ್ತು ದೊಡ್ಡವ್ವನ ವಿಚಾರ. ಇಬ್ಬರೂ ಹುಟ್ಟಿದ್ದು ದುದ್ದದಲ್ಲಿ. ದೊಡ್ಡವ್ವನನ್ನು ಅರಕಲಗೂಡಿಗೆ ಕೊಟ್ಟರು, ಅವ್ವನನ್ನು ಹೊಳೆನರಸೀಪುರಕ್ಕೆ. ಇಬ್ಬರಿಗೂ ಚೌಕಾಬಾರದ ಹುಚ್ಚು. ಸೀಮೆಸುಣ್ಣದಲ್ಲಿ ಐದೈದು ಮನೆ ಬರೆದು, ಕವಡೆ ಉರುಳಿಸಿ, ಬಿದ್ದ ಗರದಷ್ಟು ಕಾಯಿ ನಡೆಸಿ, ನಡುಮನೆ ಸೇರಿಸಿ ಹಣ್ಣು ಮಾಡುವ ಆಟ ಕೇಳುವುದಕ್ಕೆ ಒಂದೇ. ಆದರೆ ಒಂದೊಂದು ಮನೆಯಲ್ಲಿ ಒಂದೊಂದು ಕಟ್ಟಳೆ. ದೊಡ್ಡವ್ವ ಸೇರಿದ ಮನೆಯಲ್ಲಿ ಎದುರಿನವರ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ. ಅವ್ವ ಸೇರಿದ ಮನೆಯಲ್ಲಿ ಧಾರಾಳವಾಗಿ ಹೋಗಬಹುದು. ಅರಕಲಗೂಡಿನಲ್ಲಿ ಸಾಲಾಗಿ ಮೂರು ಸಲ ಬಾರ, ಅಂದರೆ ಎಂಟರ ಗರ, ಬಿದ್ದರೆ ಮೂರೂ ಸುಟ್ಟುಹೋದ ಹಾಗೆ. ಹೊಳೆನರಸೀಪುರದಲ್ಲಿ ಮೂರನ್ನೂ ನಡೆಸಿಕೊಂಡು ಮತ್ತೂ ಒಂದು ಗರ ಹಾಕಬಹುದು.

ನಮ್ಮ ನಂಟರಲ್ಲಿ ಇದಕ್ಕೊಂದು ಪದ್ಧತಿ ಇದೆ. ಯಾರ ಮನೆಯ ಜಗಲಿಯಲ್ಲಿ ಆಟವೋ ಅವರ ಮನೆಯ ಕಟ್ಟಳೆ. ಅರಕಲಗೂಡಿಗೆ ಹೋದಾಗ ಅವ್ವ ಕಡಿದೇ ಒಳಗೆ ಹೋಗಬೇಕು, ಹೊಳೆನರಸೀಪುರಕ್ಕೆ ಬಂದಾಗ ದೊಡ್ಡವ್ವ, ಅವ್ವನಿಗೆ ಮೂರು ಬಾರ ನಡೆದರೂ, ಬಾಯಿ ಮುಚ್ಚಿಕೊಂಡಿರಬೇಕು. ಆದರೆ ಕಟ್ಟಳೆಗಳನ್ನು ಯಾರೂ ಬರೆದಿಟ್ಟಿರಲಿಲ್ಲವಲ್ಲ. "ಓದ್ ಸಲ ಬಂದಾಗ ನೀನು ಇಂಗಂದಿರ್ಲಿಲ್ಲ" ಎಂದು ಒಬ್ಬಳು ಶುರು ಮಾಡಿದರೆ ಮುಗಿಯಿತು. ಕಾಫಿ ಬಂದು ಆರಿ ಹೋಗುತ್ತಿತ್ತು. ಸೊಪ್ಪು ಬಿಡಿಸಲು ತಂದ ಮೊರ ಹಾಗೇ ಬಿದ್ದಿರುತ್ತಿತ್ತು. ದೊಡ್ಡವ್ವ ದನಿ ಏರಿಸಿದರೆ ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಆಮೇಲೆ ಇಬ್ಬರೂ ಒಂದೇ ತಟ್ಟೆಯಲ್ಲಿ ಚಕ್ಕುಲಿ ತಿನ್ನುತ್ತಿದ್ದರು.

ಹೋದ ವರ್ಷ ದೊಡ್ಡವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆಗೆ ಪೆಟ್ಟು ಮಾಡಿಕೊಂಡಳು. ಆಪರೇಷನ್ ಆಯಿತು, ಕೋಲು ಹಿಡಿದು ಓಡಾಡುವಂತಾದಳು. ಆದರೆ ಬಸ್ಸು ಹತ್ತುವುದು ನಿಂತಿತು. ಅವ್ವನಿಗೆ ಮಂಡಿನೋವು, ಜೊತೆಗೆ ಹಾಲು ಕರೆಯುವ ಎರಡು ಹಸು, ಅವಳೂ ಬಿಟ್ಟು ಹೋಗುವ ಹಾಗಿಲ್ಲ. ದೊಡ್ಡವ್ವನ ಮನೆಯಲ್ಲಿ ಮಗ ಇದ್ದಾನೆ, ಸೊಸೆ ರವಿಕೆ ಹೊಲಿಯುತ್ತಾಳೆ, ಅಳತೆ ಕೊಡಲು ಬರುವ ಹೆಂಗಸರಿಂದ ಪಡಸಾಲೆ ಗಿಜಿಗಿಜಿ ಅನ್ನುತ್ತದೆ. ಅಷ್ಟು ಜನರ ನಡುವೆ ಕೂತು ದೊಡ್ಡವ್ವ ಮಾತು ಕಮ್ಮಿ ಮಾಡಿದಳು. ಫೋನು ಮಾಡಿದರೆ "ಹ್ಞೂಂ", "ಆಯ್ತು", "ಊಟ ಆಯ್ತು". ಅಷ್ಟೇ.

ಒಂದು ದಿನ ಅವ್ವ ಹಸುವಿಗೆ ಹಿಂಡಿ ಕಲಸುತ್ತಾ ನನಗೆ ಫೋನಿನಲ್ಲಿ ಹೇಳಿದಳು.

"ಅಕ್ಕ ಜಗಳ ಆಡದ್ನೇ ಬಿಟ್ಬುಟ್ಟವ್ಳೆ ಕಣ್ ಮಗ. ನಾನು ಬೇಕಂತ ಕೆಣಕ್ದೆ. ನಿಮ್ಮೂರ ರಾಗಿ ಸಪ್ಪೆ ಅಂದೆ. ಅದಕ್ಕೂ ಹ್ಞೂಂ ಅಂದ್ಬುಟ್ಲು."

ಅವ್ವನ ದನಿಯಲ್ಲಿ ಹೆದರಿಕೆ ಇತ್ತು. ನನಗೂ ಹೆದರಿಕೆಯಾಯಿತು. ಅರಕಲಗೂಡಿನ ರಾಗಿಯನ್ನು ಸಪ್ಪೆ ಅನ್ನಿಸಿಕೊಂಡು ಸುಮ್ಮನಿರುವ ದೊಡ್ಡವ್ವನನ್ನು ನಾನು ಕಂಡಿರಲಿಲ್ಲ. ಆ ವಾರವೇ ನಮ್ಮ ಎಂಜಿನ್ನಿನ ಮೇಲೆ ಚೌಕಾಬಾರ ಮಾಡುವುದಕ್ಕೆ ಕೂತೆ. ಆಟ ಮಾರುವುದಕ್ಕಲ್ಲ, ಇಬ್ಬರು ಅಕ್ಕತಂಗಿಯರು ತಮ್ಮ ತಮ್ಮ ಮನೆಯಲ್ಲೇ ಕೂತು ಆಡುವುದಕ್ಕೆ. ದೊಡ್ಡವ್ವನ ಬಾಯಿಗೆ ಜಗಳ ವಾಪಸು ಬರಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು.

ಮೊದಲು ಎಂಜಿನ್ ಸರಿಯಾಗಿ ನಡೆಯುತ್ತದೆಯೋ ನೋಡಲು ಯಾವುದಾದರೂ ಕಟ್ಟಳೆ ಹಾಕಬೇಕಿತ್ತು. ಬೇಸಿಗೆ ರಜೆಯಲ್ಲಿ ದುದ್ದದಲ್ಲಿ ಅಜ್ಜಿ ನನಗೆ ಕಲಿಸಿದ್ದನ್ನು ಯೋಚಿಸದೆ ಟೈಪು ಮಾಡಿ ಡಿಫಾಲ್ಟಿನ ಜಾಗದಲ್ಲಿ ಇಟ್ಟೆ. ಆಮೇಲೆ ನೋಟ್‌ಬುಕ್ ಹಿಡಿದು ಎರಡೂ ಮನೆಗೆ ಹೋಗಿ ಬಂದೆ. ಮೂರು ಬಾರ ಬಿದ್ದರೆ ಏನು, ಕಟ್ಟೆಯ ಮೇಲೆ ಕೂತ ಕಾಯನ್ನು ಕಡಿಯಬಹುದೋ, ಹಣ್ಣಾಗಲು ಲೆಕ್ಕ ಸರಿಯಾಗಿಯೇ ಬೀಳಬೇಕೋ, ಎಲ್ಲ ಕೇಳಿ ಬರೆದುಕೊಂಡೆ. ಒಟ್ಟು ಹದಿನೇಳು ಸೆಟ್ಟಿಂಗು ಆದವು. ಒಂದೊಂದರ ಕೆಳಗೂ ಒಂದು ಸಾಲು ವಿವರಣೆ. ಅವ್ವನ ಫೋನಿನಲ್ಲಿ ಹೊಳೆನರಸೀಪುರದ ಕಟ್ಟಳೆ ಉಳಿಸಿದೆ, ದೊಡ್ಡವ್ವನದರಲ್ಲಿ ಅರಕಲಗೂಡಿನದು. ಯಾರು ಆಟ ಶುರು ಮಾಡಿ ಇನ್ನೊಬ್ಬರನ್ನು ಕರೆಯುತ್ತಾರೋ ಅವರ ಫೋನಿನ ಸೆಟ್ಟಿಂಗೇ ಇಬ್ಬರಿಗೂ ನಡೆಯಬೇಕು. ಗೇಮ್ ಎಂಜಿನ್‌ಗಳಲ್ಲಿ ಇದು ಎಲ್ಲರೂ ಮಾಡುವ ಏರ್ಪಾಡು. ನಮ್ಮ ಜಗಲಿಯ ಪದ್ಧತಿಯೂ ಇದೇ ಎಂದು ಹೊಳೆದಾಗ ನನಗೆ ಎಷ್ಟು ಜಂಬ ಬಂತೆಂದರೆ ಆಫೀಸಿನವರಿಗೆಲ್ಲ ಮಸಾಲೆದೋಸೆ ಕೊಡಿಸಿದೆ.

ಮೊದಲ ಆಟದ ದಿನ ನಾನು ಅರಕಲಗೂಡಿನಲ್ಲಿ ದೊಡ್ಡವ್ವನ ಪಕ್ಕ ಕೂತಿದ್ದೆ. ಆಟದೊಳಗೇ ಮಾತಾಡುವ ಏರ್ಪಾಡೂ ಇತ್ತು. ಅವ್ವ ಅತ್ತಲಿಂದ ಆಟ ಶುರು ಮಾಡಿದಳು. ದೊಡ್ಡವ್ವ ಕನ್ನಡಕ ಏರಿಸಿಕೊಂಡು ಫೋನಿನ ಮೇಲೆ ಬೆರಳಿಟ್ಟಳು, ಕವಡೆ ಉರುಳಿದವು, ಕಾಯಿ ನಡೆಯಿತು. ಸಾಲಾಗಿ ಮೂರು ಬಾರ ಅವ್ವನಿಗೇ ಬಿದ್ದವು, ಫೋನು ಮೂರನ್ನೂ ನಡೆಸಿಕೊಂಡು ಇನ್ನೊಂದು ಗರ ಕೊಟ್ಟಿತು. ನಾನು ದೊಡ್ಡವ್ವನ ಮುಖ ನೋಡಿದೆ.

"ಅವರ ಮನೆ ಆಟ ಕಣವ್ವ. ನಾವೇನ್ ಏಳದು" ಎಂದಳು ದೊಡ್ಡವ್ವ, ಬಂದ ನಂಟರ ಹಾಗೆ.

ಎರಡನೇ ಆಟವನ್ನು ದೊಡ್ಡವ್ವ ಶುರು ಮಾಡಿದಳು. ಅವ್ವ ಕಡಿಯದೆ ಒಳಸುತ್ತಿಗೆ ಹೋಗಲು ನೋಡಿದಳು, ಫೋನು ಬಿಡಲಿಲ್ಲ. "ಸರಿ ಕಣಕ್ಕ" ಎಂದು ಅವಳೂ ಸುಮ್ಮನಾದಳು. ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟುಕೊಂಡು, ಬ್ಯಾಂಕಿನ ಕ್ಯೂನಲ್ಲಿ ನಿಂತವರ ಹಾಗೆ ಆಡಿ ಮುಗಿಸಿದರು. ಎರಡು ವಾರ ಹೀಗೇ ನಡೆಯಿತು. ದಿನಾ ಮಧ್ಯಾಹ್ನ ಮೂರು ಗಂಟೆಗೆ ಒಂದು ಆಟ, ತಪ್ಪಿಲ್ಲ, ತಕರಾರಿಲ್ಲ, ಮಾತೂ ಇಲ್ಲ.

ಆಫೀಸಿನಲ್ಲಿ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದೆ. ಗೆಳತಿ ನನ್ನ ಸೆಟ್ಟಿಂಗುಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದಳು. ಓದಿ ಮುಗಿಸಿ, "ಎಲ್ಲಾ ಬರೆದ್ಬಿಟ್ಟಿದೀಯ ಕಣೇ ತಾಲ್ಲೂಕಾಫೀಸು. ಅವರಿಗೆ ಜಗಳ ಆಡೋಕೆ ಒಂದಿಂಚು ಜಾಗ ಬಿಟ್ಟಿಲ್ಲ" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಅವಳು ಹೇಳಿದ್ದು ನಿಜವಾಗಿದ್ದರಿಂದ ಇನ್ನೂ ಜಾಸ್ತಿ ಏರಿತು. ಸಿಟ್ಟು ಬಂದಾಗ ನಾನು ಮಾಡುವುದು ಒಂದೇ, ಇರುವುದನ್ನೆಲ್ಲ ಇನ್ನಷ್ಟು ಒಪ್ಪ ಮಾಡುವುದು. ಅವಸರದಲ್ಲಿ ಮಾಡಿದ ಆಟವಾದ್ದರಿಂದ ಸೆಟ್ಟಿಂಗುಗಳ ಹೆಸರು ಒಂದೊಂದು ಥರ ಇದ್ದವು. ಶನಿವಾರ ಕೂತು ಹದಿನೇಳಕ್ಕೂ ಒಂದೇ ಕ್ರಮದಲ್ಲಿ ಹೊಸ ಹೆಸರು ಇಟ್ಟೆ, ಎರಡೂ ಫೋನಿಗೆ ಹೊಸ ಆಟ ಕಳಿಸಿದೆ, ಕೈ ಕೊಡವಿಕೊಂಡು ಎದ್ದೆ.

ಮರುದಿನ ಭಾನುವಾರ, ಚನ್ನರಾಯಪಟ್ಟಣದಲ್ಲಿ ಆ ಗೆಳತಿಯದೇ ಮನೆಯ ಗೃಹಪ್ರವೇಶ. ಎರಡನೇ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತಿದ್ದೆ. ಕೋಸಂಬರಿ ಬಿದ್ದಿತ್ತು, ಪಾಯಸ ಬರುತ್ತಿತ್ತು. ಫೋನು ಹೊಡೆದುಕೊಂಡಿತು. ಅವ್ವ. ಎತ್ತುವಷ್ಟರಲ್ಲಿ ಇನ್ನೊಂದು ಕರೆ. ದೊಡ್ಡವ್ವ! ತಾನಾಗಿ ದೊಡ್ಡವ್ವ ಫೋನು ಮಾಡಿ ವರ್ಷದ ಮೇಲಾಗಿತ್ತು. ನಾನು ಎಡಗೈಯಲ್ಲಿ ಅದನ್ನೇ ಎತ್ತಿದೆ.

"ಲೇ, ಏನ್ಲೇ ಮಾಡಿದ್ದೀಯ ಈ ಫೋನ್ಗೆ? ಇದ್ಯಾವ್ ಮನೆ ಆಟವೇ ಇದು?"

ಆ ದನಿ ಪಕ್ಕದ ಎಲೆಯವರಿಗೂ ಕೇಳಿಸಿತು. ನನ್ನ ತಪ್ಪು ನನಗೆ ಅಲ್ಲೇ ಹೊಳೆಯಿತು. ಹೆಸರು ಬದಲಾಯಿಸಿದರೆ, ಹಳೆಯ ಹೆಸರಿನಲ್ಲಿ ಉಳಿಸಿದ್ದನ್ನು ಹೊಸ ಹೆಸರಿಗೆ ದಾಟಿಸುವ ಒಂದು ಸಾಲು ಬರೆಯಬೇಕು. ಇಲ್ಲದಿದ್ದರೆ ಎಂಜಿನ್ ಹುಡುಕುತ್ತದೆ, ಸಿಕ್ಕದಿದ್ದರೆ ಡಿಫಾಲ್ಟು ಹಾಕುತ್ತದೆ. ಇದನ್ನು ಮರೆತವರ ಕಿವಿ ಹಿಂಡುವುದೇ ನನ್ನ ಕೆಲಸ, ನಾನೇ ಮರೆತಿದ್ದೆ. ಎರಡು ಫೋನಿನಲ್ಲೂ ಅರಕಲಗೂಡೂ ಹೋಗಿತ್ತು, ಹೊಳೆನರಸೀಪುರವೂ ಹೋಗಿತ್ತು. ಉಳಿದದ್ದು ನಾನು ಮೊದಲ ದಿನ ಟೈಪು ಮಾಡಿದ ದುದ್ದದ ಆಟ.

ಪಾಯಸ ಬಿಟ್ಟು ಎದ್ದೆ. ಗೆಳತಿಯ ಲ್ಯಾಪ್‌ಟಾಪನ್ನು ಶಾಮಿಯಾನದವರ ಕುರ್ಚಿಗಳ ಮೇಲೆ ಇಟ್ಟುಕೊಂಡು ಸರಿಪಡಿಸಲು ಕೂತೆ. ಮೊದಲು ನಡೆಯುತ್ತಿದ್ದ ಆಟವನ್ನು ನೋಡೋಣ ಎಂದು ನನ್ನ ಫೋನಿನಲ್ಲಿ ಅದರೊಳಗೆ ಹೊಕ್ಕೆ. ದೊಡ್ಡವ್ವನ ಎರಡು ಕಾಯಿ ಹಣ್ಣಾಗಿದ್ದವು, ಅವ್ವನದು ಒಂದೂ ಆಗಿರಲಿಲ್ಲ. ಇಬ್ಬರ ಮಾತೂ ಕೇಳುತ್ತಿತ್ತು.

"ನಿಂಗೆ ಯಾಕ್ ಎರಡೆರಡು ಗರ ಕೊಡ್ತಾ ಐತೆ ಇದು?"

"ನಿಂದು ಎರಡು ಅಣ್ಣಾಗಿ ನಂದು ಒಂದೂ ಆಗಿಲ್ವಲ್ಲಕ್ಕ, ಅದ್ಕೆ ಕೊಡ್ತೈತೆ. ಇದು ನಮ್ಮವ್ವನ ಆಟ ಕಣಕ್ಕ! ದುದ್ದದ್ದು! ಅವ್ವ ಇಂಗೇ ಅಲ್ವಾ ಆಡಿಸ್ತಿದ್ದದ್ದು?"

ನಾನು ಕೀಲಿಗಳ ಮೇಲಿಂದ ಕೈ ತೆಗೆದೆ. ದೊಡ್ಡವ್ವ ಮತ್ತೆ ಹ್ಞೂಂ ಅಂದುಬಿಟ್ಟರೆ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಅವ್ವನ ಆಟ ಸರಿ" ಎಂದಳು ದೊಡ್ಡವ್ವ. "ಮಿಕ್ಕಿದ್ದೆಲ್ಲ ಸರಿ. ಈ ಎರಡನೇ ಗರ ಅವ್ವನ ಆಟದಲ್ಲಿ ಇರ್ಲಿಲ್ಲ. ನೀನು ಸೋತ್ರೆ ನೆಲಕ್ ಬಿದ್ದು ಹೊರಳಾಡ್ತಿದ್ದೆ. ಬಾಯ್ ಮುಚ್ಸಕ್ಕೆ ಅವ್ವ ಕೊಡ್ತಿದ್ಲು. ಅದು ಅಳುಗರ ಕಣೇ!"

"ಸುಳ್ಳು! ಅದು ಕಟ್ಟಳೆ!"

"ಕಟ್ಟಳೆ ಆಗಿದ್ರೆ ನಂಗ್ಯಾಕ್ ಒಂದ್ ದಿನಾನೂ ಕೊಡ್ಲಿಲ್ಲ?"

"ನೀನು ಯಾವತ್ ಸೋತಿದ್ದೆ? ಕವಡೆ ಮಗುಚಿ ಆಡೋಳು ನೀನು!"

"ಯಾವಳೇ ಕವಡೆ ಮಗುಚೋಳು? ಯಾವಳೇ?"

ಅಲ್ಲಿಂದ ಮುಂದೆ ಅರ್ಧ ಗಂಟೆ ಆಟ ನಿಂತಿತ್ತು, ಮಾತು ನಿಲ್ಲಲಿಲ್ಲ. ಅವ್ವ ಕದ್ದ ಬೆಲ್ಲದಚ್ಚು ಬಂತು, ದೊಡ್ಡವ್ವ ಹರಿದ ಲಂಗ ಬಂತು, ಅರಕಲಗೂಡಿನ ರಾಗಿಯನ್ನು ಸಪ್ಪೆ ಎಂದದ್ದೂ ಬಂತು. "ಅವತ್ತು ಸುಮ್ನಿದ್ದೆ ಅಂತ ಮರ್ತಿದೀನಿ ಅನ್ಕಂಡ್ಯಾ" ಎಂದು ದೊಡ್ಡವ್ವ ಗುಡುಗಿದಳು. ಹಿಂದುಗಡೆ ಅವಳ ಸೊಸೆಯ ಹೊಲಿಗೆ ಮೆಷಿನ್ನಿನ ಸದ್ದು ನಿಂತು, ಅಳತೆ ಕೊಡಲು ಬಂದವರೆಲ್ಲ ನಗುವುದು ಕೇಳಿಸಿತು. ನಾನು ಶಾಮಿಯಾನದ ಮೂಲೆಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದೆ. ಗೆಳತಿ ಒಂದು ಲೋಟದಲ್ಲಿ ನನ್ನ ಪಾಲಿನ ಪಾಯಸ ತಂದುಕೊಟ್ಟು, "ಸರಿ ಮಾಡಿದ್ಯಾ?" ಎಂದು ಕೇಳಿದಳು. ನಾಳೆ ಮಾಡಿದರಾಯಿತು ಎಂದೆ. ನನ್ನ ಬಾಯಲ್ಲಿ ಆ ಮಾತು ಅವಳು ಅಲ್ಲಿಯವರೆಗೆ ಕೇಳಿರಲಿಲ್ಲ.

ಸೋಮವಾರ ಹಳೆಯ ಹೆಸರುಗಳನ್ನು ದಾಟಿಸುವ ಸಾಲು ಬರೆದೆ, ಎರಡೂ ಮನೆಯ ಕಟ್ಟಳೆ ಅವರವರ ಫೋನಿಗೆ ವಾಪಸು ಬಂದವು. ಇಬ್ಬರೂ ಅವು ಬೇಡ, ದುದ್ದದ ಆಟವೇ ಇರಲಿ ಎಂದು ಮತ್ತೆ ಡಿಫಾಲ್ಟಿಗೆ ಹಾಕಿಸಿಕೊಂಡರು. ಅಳುಗರ ಒಂದರಲ್ಲಿ ಮಾತ್ರ ತಕರಾರು. "ತೆಗ್ದಾಕು" ಎಂದು ದೊಡ್ಡವ್ವ, "ಮುಟ್ಟೀಯ ಜೋಕೆ" ಎಂದು ಅವ್ವ. ಕೊನೆಗೆ ಅದನ್ನು ಬೇರೆಯಾಗಿಯೇ ಇಟ್ಟೆ. ಯಾರು ಆಟ ಶುರು ಮಾಡಿದ್ದರೂ ಸರಿ, ಆಟದ ನಡುವೆಯೇ ಇಬ್ಬರಲ್ಲಿ ಯಾರು ಬೇಕಾದರೂ ಅದನ್ನು ದೀಪದ ಸ್ವಿಚ್ಚಿನ ಹಾಗೆ ಹಾಕಬಹುದು, ಆರಿಸಬಹುದು. ಇದಕ್ಕೆ ಯಜಮಾನರು ಯಾರು ಎಂದು ಗೆಳತಿ ಕೇಳಿದಳು. ಆ ಜಾಗ ಖಾಲಿ ಬಿಟ್ಟೆ. ನನ್ನ ಪಟ್ಟಿಯಲ್ಲಿ ಖಾಲಿ ಇದ್ದ ಜಾಗ ಅದೊಂದೇ.

ಮೊದಲ ದಿನವೇ ದೊಡ್ಡವ್ವ ಅದನ್ನು ಆರಿಸಿ, ಆರಿಸಿದ್ದೇನೆ ಎಂದು ಡಂಗುರ ಸಾರಿದಳು. ಅವ್ವ ಜಂಬದಿಂದ, "ಕಟ್ಟಳೆಗೆ ಸ್ವಿಚ್ ಯಾತಕ್ಕೆ? ನಾನು ಅದ್ನ ಮುಟ್ಟಲ್ಲ" ಎಂದಳು. ಈಗ ದಿನಾ ಮೂರು ಗಂಟೆಗೆ ಅರಕಲಗೂಡಿನ ಆ ಪಡಸಾಲೆಯಲ್ಲಿ ಗಲಾಟೆ. ರವಿಕೆ ಅಳತೆಗೆ ಬರುವವರು ಅದೇ ಹೊತ್ತು ನೋಡಿಕೊಂಡು ಬರುತ್ತಾರಂತೆ. ದೊಡ್ಡವ್ವ ಕೋಲನ್ನು ನೆಲಕ್ಕೆ ಕುಟ್ಟಿ ಕುಟ್ಟಿ ಅದರ ತುದಿಯ ರಬ್ಬರು ಎರಡು ಸಲ ಬದಲಾಯಿಸಬೇಕಾಯಿತು. ನನಗೆ ಆ ಸುದ್ದಿ ಕೇಳಿ ಆದ ಸಂತೋಷ ಸಂಬಳ ಏರಿದಾಗಲೂ ಆಗಿಲ್ಲ.

ಮೊನ್ನೆ ಅವ್ವ ಫೋನು ಮಾಡಿ, "ನೋಡ್ದಾ ಮಗ, ನಾನೇ ಗೆದ್ದೆ. ಅಕ್ಕ ಸ್ವಿಚ್ ಆರಿಸವ್ಳೆ, ಆದ್ರೂ ನಂಗೆ ಆ ಗರ ಬತ್ತಾನೇ ಐತೆ. ಅವ್ವನ ಕಟ್ಟಳೆ ಅಂತ ಫೋನ್ಗೂ ಗೊತ್ತು" ಎಂದಳು.

ನನಗೆ ದಿಗಿಲಾಯಿತು. ಆರಿಸಿದ ಸೆಟ್ಟಿಂಗು ಕೆಲಸ ಮಾಡುತ್ತಿದೆ ಎಂದರೆ ನಮ್ಮ ಎಂಜಿನ್ನಿನಲ್ಲಿ ದೊಡ್ಡ ತೂತಿದೆ ಎಂದರ್ಥ. ಬೆಳಿಗ್ಗೆ ಆಫೀಸಿಗೆ ಬಂದವಳೇ ದಾಖಲೆ ತೆರೆದೆ. ಅಳುಗರದ ಹೆಸರಿನ ಮುಂದೆ ಸಾಲು ಸಾಲು ಗುರುತಿದ್ದವು. ಹಾಕಿದ್ದು, ಆರಿಸಿದ್ದು, ಹಾಕಿದ್ದು, ಆರಿಸಿದ್ದು. ಅವ್ವನ ಫೋನಿನಿಂದ ಒಂದೂ ಇಲ್ಲ. ಎಲ್ಲ ಅರಕಲಗೂಡಿನಿಂದ. ಆಟಗಳ ಜೊತೆ ಹೋಲಿಸಿ ನೋಡಿದೆ. ತನ್ನ ಎರಡನೇ ಕಾಯಿ ಹಣ್ಣಾಗಿ ತಂಗಿಯದು ಒಂದೂ ಆಗಿರದ ಪ್ರತಿ ಆಟದಲ್ಲೂ ದೊಡ್ಡವ್ವ ಬಾಯಲ್ಲಿ ಬಯ್ಯುತ್ತಲೇ ಬೆರಳಲ್ಲಿ ಅದನ್ನು ಹಾಕಿದ್ದಳು. ಅವ್ವನ ಕಾಯಿ ಒಂದು ನಡುಮನೆ ಸೇರಿದ ಕೂಡಲೇ ಆರಿಸಿದ್ದಳು.

ಎಂಜಿನ್ನಿನಲ್ಲಿ ತೂತೇನೂ ಇರಲಿಲ್ಲ. ಅವ್ವನಿಗೆ ಫೋನು ಮಾಡಿ, "ಹೂಂ ಕಣವ್ವ, ಅದು ಕಟ್ಟಳೇನೇ" ಎಂದೆ. ಆಮೇಲೆ ನನ್ನ ಪಟ್ಟಿ ತೆಗೆದು, ಯಜಮಾನರು ಎಂಬ ಆ ಖಾಲಿ ಜಾಗದಲ್ಲಿ "ಅಕ್ಕ" ಎಂದು ಬರೆದು ಸೇವ್ ಮಾಡಿದೆ.